ಮನೆಗೆ ಕಳಿಸಿದ ಮೇಲೂ ಉಳಿದ ಪ್ರಶ್ನೆ

2013ರ ಫೆಬ್ರುವರಿಯಲ್ಲಿ ಕೆಲವು ದಿನ ನಮ್ಮ ಜಿಲ್ಲೆಯ ಹೆಸರು ದೇಶದ ಸುದ್ದಿವಾಹಿನಿಗಳಲ್ಲೆಲ್ಲ ಓಡಾಡಿತು. ಪಾಲಾರ್ ನೆಲಬಾಂಬ್ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾಗಿದ್ದ ಸೈಮನ್, ಜ್ಞಾನಪ್ರಕಾಶ್, ಮೀಸೆಕಾರ ಮಾದಯ್ಯ, ಬಿಲವೇಂದ್ರನ್ ಈ ನಾಲ್ವರ ಕ್ಷಮಾದಾನದ ಅರ್ಜಿಗಳನ್ನು ರಾಷ್ಟ್ರಪತಿ ಪ್ರಣವ್ ಮುಖರ್ಜಿ ತಿರಸ್ಕರಿಸಿದ್ದರು. ನಾಲ್ವರೂ ಇದ್ದದ್ದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ರಾಜ್ಯದ ಗಲ್ಲುಗಂಬವೂ ಅಲ್ಲೇ ಇದೆ. 1983ರ ನಂತರ ಅಲ್ಲಿ ಯಾರನ್ನೂ ಗಲ್ಲಿಗೇರಿಸಿರಲಿಲ್ಲ. ಇವತ್ತೋ ನಾಳೆಯೋ ಆಗಿಬಿಡುತ್ತದೆ ಎಂಬ ಮಾತು ಗೋಕಾಕ, ಹುಕ್ಕೇರಿಗಳಲ್ಲಿ ಹಬ್ಬಿತ್ತು. ಆಗಿನ್ನೂ ತಾಲ್ಲೂಕಾಗಿರದ ಮೂಡಲಗಿಯ ಸಂತೆಯಲ್ಲೂ ಅದೇ ಮಾತು.

ಹುಕ್ಕೇರಿಯ ಒಂದು ಚಹಾದಂಗಡಿಯಲ್ಲಿ ಆಗ ಕೇಳಿದ ವಾದ ನನ್ನ ತಲೆಯಿಂದ ಹೋಗಿಲ್ಲ. “ಕಾಕಾ, ಇಪ್ಪತ್ತೆರಡು ಮಂದೀನ ಬಾಂಬ್ ಇಟ್ಟು ಸಾಯ್ಸ್ಯಾರ. ಇಂಥವ್ರಿಗಿ ಇನ್ನೂ ಕೂಳ ಹಾಕಿ ಯಾಕ ಸಾಕಬೇಕು?” ಅಂದ ಒಬ್ಬ ತರುಣ. ಓದುತ್ತಿದ್ದ ಪೇಪರನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ ಹಿರಿಯರು ಹೇಳಿದರು: “ಸತ್ತವ್ರು ಸತ್ತಿದ್ದು ಖರೇ ಐತಿ ತಮ್ಮಾ. ಇವ್ರೇ ಇಟ್ರು ಅನ್ನೂದು ಖರೇ ಹೌದಲ್ಲೋ, ನಾ ಅದನ್ನ ಕೇಳಾಕತ್ತೇನಿ.” “ಕೋರ್ಟ್ ಹೇಳೇತಲ್ಲ?” “ಮೈಸೂರು ಕೋರ್ಟ್ ಗಲ್ಲು ಅಂದಿದ್ದಿಲ್ಲ, ಜೀವಾವಧಿ ಅಂದಿತ್ತು. ನಮ್ಮನ್ನ ಬಿಡಸ್ರಿ ಅಂತ ದಿಲ್ಲಿಗಿ ಹೋದ್ರ, ಗಲ್ಲು ಕೊಟ್ಟು ಕಳಿಸ್ಯಾರ.”

ಹಿರಿಯರು ಹೇಳಿದ್ದು ಅಕ್ಷರಶಃ ನಿಜ.

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಆಚೆ, ಪಾಲಾರ್ ಬಳಿ ಕಾಡುಗಳ್ಳ ವೀರಪ್ಪನ್‌ನನ್ನು ಹುಡುಕಿ ಹೊರಟಿದ್ದ ತಂಡದ ವಾಹನ ನೆಲಬಾಂಬಿಗೆ ಸಿಕ್ಕಿತು. ಪೊಲೀಸರು, ಅರಣ್ಯ ಕಾವಲುಗಾರರು, ದಾರಿ ತೋರಿಸಲು ಬಂದಿದ್ದ ಮಾಹಿತಿದಾರರು ಸೇರಿ 22 ಜನ ಸತ್ತರು. ತಂಡದ ಮುಂದಾಳು, ತಮಿಳುನಾಡು ಪೊಲೀಸ್ ಅಧಿಕಾರಿ ಗೋಪಾಲಕೃಷ್ಣನ್ ತೀವ್ರ ಗಾಯಗೊಂಡು ಬದುಕಿಕೊಂಡರು. ಆಮೇಲೆ ಕಾಡಂಚಿನ ಊರುಗಳಿಂದ ಜನರನ್ನು ಹಿಡಿದು ತಂದರು. ನೂರಕ್ಕೂ ಹೆಚ್ಚು ಜನರ ಮೇಲೆ ಭಯೋತ್ಪಾದನೆ ತಡೆ ಕಾಯ್ದೆಯಾದ ಟಾಡಾ ಹೇರಲಾಯಿತು. ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಕೊಳೆತ ಮೇಲೆ, 2001ರಲ್ಲಿ ಟಾಡಾ ವಿಶೇಷ ನ್ಯಾಯಾಲಯ ಅವರಲ್ಲಿ ಹೆಚ್ಚಿನವರನ್ನು ಖುಲಾಸೆ ಮಾಡಿತು. ಈ ನಾಲ್ವರಿಗೆ ಜೀವಾವಧಿ ಶಿಕ್ಷೆಯಾಯಿತು.

ಟಾಡಾ ಕಾಯ್ದೆಯ ಎರಡು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು. ಸಾಮಾನ್ಯ ಪ್ರಕರಣದಲ್ಲಿ ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಠಾಣೆಯಲ್ಲಿ ಒಪ್ಪಿಸುವ ಬಗೆ ಯಾರಿಗೆ ಗೊತ್ತಿಲ್ಲ? ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯೇ ಅದಕ್ಕೆ ಬಾಗಿಲು ಮುಚ್ಚಿತ್ತು. ಟಾಡಾದ 15ನೇ ಕಲಮು ಆ ಬಾಗಿಲನ್ನು ತೆರೆಯಿತು. ಎಸ್ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಸಾಕು, ಅದು ಸಾಕ್ಷ್ಯವೇ. ಇನ್ನೊಂದು, ಟಾಡಾ ತೀರ್ಪಿನ ಮೇಲ್ಮನವಿಗೆ ಹೈಕೋರ್ಟಿನ ದಾರಿಯೇ ಇರಲಿಲ್ಲ. ನೇರ ಸುಪ್ರೀಂ ಕೋರ್ಟಿಗೆ ಹೋಗಬೇಕು. ನಮ್ಮ ಊರಿನ ಕೊಲೆ ಪ್ರಕರಣದ ಆರೋಪಿಗೆ ಸೆಷನ್ಸ್ ಕೋರ್ಟು, ಧಾರವಾಡ ಪೀಠ, ದಿಲ್ಲಿ ಎಂದು ಮೂರು ಮೆಟ್ಟಿಲು ಸಿಗುತ್ತವೆ. ಇವರಿಗೆ ಸಿಕ್ಕದ್ದು ಎರಡೇ. 2004ರ ಜನವರಿಯಲ್ಲಿ ಆ ಎರಡನೆಯ, ಕೊನೆಯ ಮೆಟ್ಟಿಲಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಮುಂದಾಗಿ ಜೀವಾವಧಿಯನ್ನು ಗಲ್ಲಿಗೆ ಏರಿಸಿತು. ಹಾಗೆ ಮರಣದಂಡನೆಯನ್ನು ಮೊದಲ ಬಾರಿ ವಿಧಿಸಿದ ಕೋರ್ಟೇ ಕೊನೆಯ ಕೋರ್ಟೂ ಆಯಿತು. ಅದರ ಮೇಲೆ ಅಪೀಲು ಹೋಗಲು ಜಾಗವೇ ಇರಲಿಲ್ಲ. ಕಾನೂನು ಓದಿದವರ ಎದುರು ಇದನ್ನು ಹೇಳಿದಾಗಲೂ ಕೆಲವರು ‘ಹಾಗಿರಲಿಕ್ಕಿಲ್ಲ’ ಎಂದು ಎರಡು ಸಲ ಕೇಳುತ್ತಾರೆ.

ಇವರು ಅಮಾಯಕರು, ಊರಿನಿಂದ ಎಳೆದು ತಂದವರು ಎಂದು ಕುಟುಂಬದವರು, ಮಾನವ ಹಕ್ಕು ಹೋರಾಟಗಾರರು ಹೇಳುತ್ತಲೇ ಬಂದರು. ಸಾಕ್ಷ್ಯ ಸಾಕಷ್ಟಿದೆ ಎಂದು ಎರಡೂ ಕೋರ್ಟುಗಳು ಹೇಳಿದವು. ಪಾಲಾರಿನಲ್ಲಿ ಬಾಂಬ್ ಹುಗಿದವರು ಯಾರು ಎಂದು ಇಷ್ಟು ದೂರದಲ್ಲಿ ಕೂತು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಆದರೆ ಆ ಕಾಲದ ತನಿಖೆ ಹೇಗಿತ್ತು ಎಂಬುದಕ್ಕೆ ಸರ್ಕಾರಿ ದಾಖಲೆಯೇ ಇದೆ. ವೀರಪ್ಪನ್ ಬೇಟೆಯ ಹೆಸರಲ್ಲಿ ಎರಡೂ ರಾಜ್ಯಗಳ ಕಾರ್ಯಪಡೆಗಳು ಹಳ್ಳಿಗರ ಮೇಲೆ ಎಸಗಿದ ದೌರ್ಜನ್ಯದ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತ್ತು. ಹೊಡೆತ, ಕರೆಂಟ್ ಶಾಕ್, ಹೆಂಗಸರ ಮೇಲಿನ ಹಿಂಸೆಗಳ ಬಗ್ಗೆ ಜನ ಬಂದು ಹೇಳಿದರು. 2007ರಲ್ಲಿ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ತಪ್ಪೊಪ್ಪಿಗೆಗಳು ಹುಟ್ಟಿದ್ದು ಅದೇ ಬೆಟ್ಟದ ಸುತ್ತಿನಲ್ಲಿ, ಅದೇ ವರ್ಷಗಳಲ್ಲಿ. ಇಷ್ಟು ಗೊತ್ತಾದ ಮೇಲೆ ಆ ಹಿರಿಯರ ಹಾಗೆ ಪೇಪರ್ ಮಡಚಿಟ್ಟು ಒಂದು ಪ್ರಶ್ನೆ ಕೇಳುವುದು ದೇಶದ್ರೋಹವಾಗುವುದಿಲ್ಲ.

ಆದರೆ ಈ ಕಥೆಯಲ್ಲಿ ಒಬ್ಬ ತಂದೆಯೂ ಇದ್ದಾರೆ. ಅವರನ್ನು ಬಿಟ್ಟು ಕರುಣೆಯ ಮಾತಾಡುವುದು ನನ್ನಿಂದಾಗದು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ತಂಡದ ಹೊಂಚುದಾಳಿಯಲ್ಲಿ ಎಸ್ಪಿ ಹರಿಕೃಷ್ಣ ಅವರ ಜೊತೆ ಸಬ್‌ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಸತ್ತರು. ಶಕೀಲರ ತಂದೆ ಅಬ್ದುಲ್ ಕರೀಂ ಸ್ವತಃ ನಿವೃತ್ತ ಪೊಲೀಸ್ ಅಧಿಕಾರಿ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದಾಗ ಅವನ ಬೇಡಿಕೆಗಳಲ್ಲಿ ಮೈಸೂರು ಜೈಲಿನ ಟಾಡಾ ಬಂದಿಗಳನ್ನು ಬಿಡಬೇಕೆಂಬುದೂ ಇತ್ತು. ನಾಡಿಗೆ ನಾಡೇ ಅಣ್ಣಾವ್ರಿಗಾಗಿ ಹರಕೆ ಹೊತ್ತಿದ್ದ ದಿನಗಳವು. ಸರ್ಕಾರ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಹೊರಟಿತು. ಆಗ ಈ ತಂದೆ ಒಬ್ಬರೇ ಸುಪ್ರೀಂ ಕೋರ್ಟಿಗೆ ಹೋದರು. ಎಷ್ಟು ಬೈಗುಳ, ಎಷ್ಟು ಒತ್ತಡ ಇದ್ದಿರಬಹುದು! ಅವರು ಹಿಂದೆ ಸರಿಯಲಿಲ್ಲ. ನವೆಂಬರ್ 7ರಂದು ಕೋರ್ಟು ಅವರ ಪರ ತೀರ್ಪು ಕೊಟ್ಟು, ಆರೋಪ ಹಿಂತೆಗೆತವನ್ನು ರದ್ದು ಮಾಡಿತು. ಎಂಟೇ ದಿನಕ್ಕೆ, ನವೆಂಬರ್ 15ರಂದು, 108 ದಿನಗಳ ಸೆರೆಯಿಂದ ರಾಜಕುಮಾರ್ ಬಿಡುಗಡೆಯಾಗಿ ಬಂದರು.

ನನಗೆ ಅಬ್ದುಲ್ ಕರೀಂ ಕರುಣೆಯ ವಿರೋಧಿಯಾಗಿ ಕಾಣುವುದಿಲ್ಲ. ಕಾಡಿನಿಂದ ಬೇಡಿಕೆಯ ಕ್ಯಾಸೆಟ್ ಬಂತೆಂದು ಜೈಲಿನ ಬಾಗಿಲು ತೆರೆಯಕೂಡದು ಎಂದಷ್ಟೇ ಅವರು ಹೇಳಿದರು. ಒಳಗಿರುವವರು ತಪ್ಪು ಮಾಡಿದ್ದಾರೋ ಇಲ್ಲವೋ, ವಿಚಾರಣೆ ನಡೆದು ಗೊತ್ತಾಗಲಿ. ಅಂಜಿಕೆಗೆ ಬಿಡುವುದು ಬೇಡ. ಆ ವಿಚಾರಣೆ ಮುಂದುವರಿದದ್ದರಿಂದಲೇ ಮರುವರ್ಷ ಬಹುಪಾಲು ಬಂದಿಗಳು ಕಳಂಕ ತೊಳೆದುಕೊಂಡು ಹೊರಬಂದರು ಎಂಬುದನ್ನು ನಾವು ಮರೆತಿದ್ದೇವೆ. ಒಪ್ಪಂದದಲ್ಲಿ ಹೊರಬಂದಿದ್ದರೆ ಅವರು ಸಾಯುವವರೆಗೆ ‘ವೀರಪ್ಪನ್ ಬಿಡಿಸಿದವರು’ ಆಗಿಯೇ ಉಳಿಯುತ್ತಿದ್ದರು.

ಹಿಂಡಲಗಾದ ನಾಲ್ವರಿಗೆ ಬರೋಣ. 2013ರ ಫೆಬ್ರುವರಿಯಲ್ಲೇ ಸುಪ್ರೀಂ ಕೋರ್ಟು ಗಲ್ಲಿಗೆ ತಡೆ ಕೊಟ್ಟಿತು. 2014ರ ಜನವರಿ 21ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ ದೇಶದ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು, ಇವರೂ ಅದರಲ್ಲಿದ್ದರು. ಕಾರಣ, ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಮೇಜಿನ ಮೇಲೆ ಬಿದ್ದಿತ್ತು. ದಿನಬೆಳಗಾದರೆ ‘ಇವತ್ತೇನೋ’ ಎಂದು ಕಾಯಿಸುವುದೇ ಒಂದು ಚಿತ್ರಹಿಂಸೆ ಎಂದು ಕೋರ್ಟು ಒಪ್ಪಿತು. ಒಳ್ಳೆಯ ತೀರ್ಪು. ಆದರೆ ಅದು ವಿಳಂಬದ ಮೇಲೆ ಕೊಟ್ಟ ತೀರ್ಪು. ಅಪರಾಧದ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ, ಮುಟ್ಟುವ ಹಾಗೂ ಇರಲಿಲ್ಲ.

ಸೈಮನ್ 2018ರಲ್ಲಿ ಕಾಯಿಲೆಯಿಂದ ತೀರಿಕೊಂಡರು. ಹನೂರು ತಾಲ್ಲೂಕಿನ ಮಾರ್ಟಳ್ಳಿ ಸಮೀಪದ ಸಂದನಪಾಳ್ಯದ ಜ್ಞಾನಪ್ರಕಾಶ್ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಆಯಿತು. ಮಾನವೀಯತೆಯ ನೆಲೆಯಲ್ಲಿ ಸುಪ್ರೀಂ ಕೋರ್ಟು ಜಾಮೀನು ಕೊಟ್ಟು, 2022ರ ಡಿಸೆಂಬರ್‌ 20ರಂದು ಅವರು ಬೆಂಗಳೂರಿನ ಜೈಲಿನಿಂದ ಹೊರಬಂದರು. ಒಳಗೆ ಹೋಗಿ 29 ವರ್ಷವಾಗಿತ್ತು. ವಯಸ್ಸು ಎಪ್ಪತ್ತರ ಹತ್ತಿರ. ‘ವೀರಪ್ಪನ್ ಸಹಚರ ಬಿಡುಗಡೆ’ ಎಂದು ಪತ್ರಿಕೆಗಳು ಬರೆದವು. ಬಂದದ್ದು ಜಾಮೀನಿನ ಮೇಲೆ. ಅಪರಾಧಿ ಎಂಬ ತೀರ್ಪು ಹಾಗೇ ಇತ್ತು. ಮೊದಲಿನ ಹಾಗೆಯೇ ಎರಡು ಗುಂಪಾಗಿ ಮಾತಾಡಿದೆವು. ಒಂದು ಕಡೆಯವರು, ನಿರಪರಾಧಿ ಮುದುಕನನ್ನು ಸಾಯುವ ಹೊತ್ತಿಗಾದರೂ ಬಿಟ್ಟರಲ್ಲ ಎಂದರು. ಇನ್ನೊಂದು ಕಡೆಯವರು, ಸತ್ತ 22 ಜನರಿಗೆ ಯಾರು ಜಾಮೀನು ಕೊಟ್ಟರು ಎಂದರು.

ಎರಡು ಬೇರೆ ಬೇರೆ ಪ್ರಶ್ನೆಗಳನ್ನು ನಾವು ಗಂಟು ಹಾಕಿದ್ದೇವೆ ಎಂಬುದೇ ನನ್ನ ತಕರಾರು. ಈ ಮನುಷ್ಯ ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದು ಸಾಕ್ಷ್ಯದ ಪ್ರಶ್ನೆ. ಉಸಿರಾಡಲು ಒದ್ದಾಡುವ ಮುದುಕನನ್ನು ಇನ್ನೂ ಕಂಬಿಯ ಹಿಂದೆ ಇಡಬೇಕೋ ಎಂಬುದು ನಮ್ಮ ಪ್ರಶ್ನೆ, ನಾವು ಎಂಥ ಸಮಾಜ ಎಂಬ ಪ್ರಶ್ನೆ. ಮೊದಲನೆಯದಕ್ಕೆ ‘ಹೌದು, ಮಾಡಿದ್ದಾನೆ’ ಎಂಬ ಉತ್ತರ ಬಂದರೂ ಎರಡನೆಯದಕ್ಕೆ ‘ಬಿಡಿ’ ಎನ್ನಬಹುದು. ಎರಡನೆಯದಕ್ಕೆ ‘ಬಿಟ್ಟೆವಲ್ಲ’ ಎಂದ ಮಾತ್ರಕ್ಕೆ ಮೊದಲನೆಯದು ಮುಗಿಯುವುದಿಲ್ಲ. ಆದರೆ ನಡೆಯುವುದು ಹೇಗೆ? ಬಿಡಬೇಕೆನ್ನುವವರು, ನಿರಪರಾಧಿಗೆ ಮಾತ್ರ ಕರುಣೆ ಸಲ್ಲುತ್ತದೆ ಎಂಬಂತೆ ನಿರಪರಾಧಿತ್ವವನ್ನೇ ಸಾರುತ್ತಾರೆ. ಬಿಡಬಾರದೆನ್ನುವವರು ಕ್ಯಾನ್ಸರ್‌ಗೆ ಅಪರಾಧವೇ ಉತ್ತರ ಎಂಬಂತೆ ವಾದಿಸುತ್ತಾರೆ. ಸರ್ಕಾರಕ್ಕೆ ಇದರಿಂದ ಅನುಕೂಲವೇ. ಕೊನೆಯ ಗಳಿಗೆಯಲ್ಲಿ ಬಿಟ್ಟುಕೊಟ್ಟರೆ ಕಡತ ಮುಚ್ಚುತ್ತದೆ. ತಪ್ಪೊಪ್ಪಿಗೆ ಬರೆಸಿಕೊಂಡದ್ದು ಹೇಗೆ ಎಂದು ಮತ್ತೆ ಯಾರೂ ಕೇಳುವುದಿಲ್ಲ.

ನಿರಪರಾಧಿಯಲ್ಲದವನಿಗೂ ನ್ಯಾಯ ಸಲ್ಲಬೇಕು ಎಂಬುದಕ್ಕೆ ಹಿಂಡಲಗಾದಲ್ಲೇ ಇನ್ನೊಂದು ಪ್ರಕರಣ ಇತ್ತು. ಹೆಂಡತಿಯನ್ನು ಕೊಂದು ಜೀವಾವಧಿಯಾಗಿದ್ದ ಸಾಯಿಬಣ್ಣ ಪೆರೋಲ್ ಮೇಲೆ ಬಂದಾಗ ಎರಡನೆಯ ಹೆಂಡತಿಯನ್ನೂ ಮಗಳನ್ನೂ ಕೊಂದ. ಕೇಳಿದರೆ ಹೊಟ್ಟೆ ಕಲಕುವ ಪ್ರಕರಣ. ಅವನೇ ಮಾಡಿದ್ದು ಎಂಬುದರಲ್ಲಿ ವಿವಾದವಿರಲಿಲ್ಲ. ಆದರೆ 2005ರಲ್ಲಿ ಸುಪ್ರೀಂ ಕೋರ್ಟು ಅವನ ಗಲ್ಲನ್ನು ಎತ್ತಿಹಿಡಿದ ತರ್ಕ, ಜೀವಾವಧಿ ಕೈದಿ ಮತ್ತೆ ಕೊಂದರೆ ಗಲ್ಲೇ ಗತಿ ಎಂಬ ಕಾನೂನನ್ನು 1983ರಲ್ಲಿ ತಾನೇ ರದ್ದುಮಾಡಿದ್ದಕ್ಕೆ ವಿರುದ್ಧವಾಗಿತ್ತು. 2012ರಲ್ಲಿ 14 ನಿವೃತ್ತ ನ್ಯಾಯಾಧೀಶರು ರಾಷ್ಟ್ರಪತಿಗೆ ಪತ್ರ ಬರೆದು, ತಪ್ಪು ತರ್ಕದ ಮೇಲೆ ಗಲ್ಲಾದ 13 ಕೈದಿಗಳ ಪಟ್ಟಿಯಲ್ಲಿ ಅವನ ಹೆಸರನ್ನೂ ಸೇರಿಸಿದರು. ಆದರೂ ಅರ್ಜಿ ತಿರಸ್ಕೃತವಾಯಿತು. ಕಡೆಗೆ ಕರ್ನಾಟಕ ಹೈಕೋರ್ಟು ಗಲ್ಲನ್ನು ಜೀವಾವಧಿಗೆ ಇಳಿಸಿತು. ಆ ಪತ್ರಕ್ಕೆ ಸಹಿ ಹಾಕಿದವರು ಯಾರೂ ಅವನು ಒಳ್ಳೆಯವನೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹೊರದೇಶದಲ್ಲಿ ಈ ಗಂಟು ಇನ್ನೂ ಬಿಗಿಯಾದ ಪ್ರಕರಣವೊಂದಿದೆ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ವಿಮಾನವೊಂದು ಬಾಂಬಿಗೆ ಸಿಡಿದು 270 ಜನ ಸತ್ತರು. 2001ರಲ್ಲಿ ಲಿಬಿಯಾದ ಅಬ್ದೆಲ್‌ಬಾಸೆತ್ ಅಲ್ ಮೆಗ್ರಾಹಿಗೆ ಜೀವಾವಧಿಯಾಯಿತು. 2007ರಲ್ಲಿ ಅಲ್ಲಿನ ಮರುಪರಿಶೀಲನಾ ಆಯೋಗವೇ, ಈ ತೀರ್ಪಿನಲ್ಲಿ ಅನ್ಯಾಯ ಆಗಿರಬಹುದು ಎಂದು ಮತ್ತೆ ಮೇಲ್ಮನವಿಗೆ ದಾರಿ ಮಾಡಿಕೊಟ್ಟಿತು. ಅಷ್ಟರಲ್ಲಿ ಅವನಿಗೆ ಕ್ಯಾನ್ಸರ್. 2009ರ ಆಗಸ್ಟ್‌ನಲ್ಲಿ ಅವನು ಮೇಲ್ಮನವಿಯನ್ನು ಹಿಂತೆಗೆದುಕೊಂಡ. ಎರಡೇ ದಿನಕ್ಕೆ, 20ರಂದು, ಅಲ್ಲಿನ ನ್ಯಾಯಸಚಿವ ಕೆನ್ನಿ ಮ್ಯಾಕಸ್ಕಿಲ್ ಕರುಣೆಯ ಆಧಾರದಲ್ಲಿ ಬಿಟ್ಟು ಕಳಿಸಿದರು. ಕರುಣೆಯ ಬಿಡುಗಡೆಗೆ ಮೇಲ್ಮನವಿ ಬಿಡಬೇಕೆಂಬ ಕಾನೂನು ಅಲ್ಲಿರಲಿಲ್ಲ. ಮೂರು ತಿಂಗಳು ಬದುಕಿದರೆ ಹೆಚ್ಚು ಎಂದಿದ್ದರು. ಅವನು ಸತ್ತದ್ದು 2012ರ ಮೇ ತಿಂಗಳಲ್ಲಿ. ಬದುಕಿದ ಒಂದೊಂದು ತಿಂಗಳೂ ಅಮೆರಿಕದ ಎಷ್ಟೋ ಕುಟುಂಬಗಳಿಗೆ ಮೋಸದಂತೆ ಕಂಡಿತು. ಅದೇ ವಿಮಾನದಲ್ಲಿ ಮಗಳನ್ನು ಕಳೆದುಕೊಂಡ ಇಂಗ್ಲೆಂಡಿನ ವೈದ್ಯ ಜಿಮ್ ಸ್ವೈರ್ ಮಾತ್ರ, ಈ ಮನುಷ್ಯ ತಪ್ಪು ಮಾಡಿಲ್ಲ, ನನ್ನ ಮಗಳನ್ನು ಕೊಂದವರು ಯಾರೆಂದು ಗೊತ್ತಾಗಲಿ ಎಂದು ಹೋರಾಡುತ್ತ ಬಂದರು. ಕೈದಿ ಸತ್ತ ಮೇಲೆ ಅವನ ಮನೆಯವರು ಮತ್ತೆ ಹೂಡಿದ ಮೇಲ್ಮನವಿ 2021ರಲ್ಲಿ ವಜಾ ಆಯಿತು. ವಾದ ನಿಂತಿಲ್ಲ. ಅಪೀಲು ನಡೆಯುತ್ತಿರುವಾಗಲೇ ಮನೆಗೆ ಕಳಿಸಿದ್ದರೆ ಅವನ ಬಾಯಿಂದಲೇ, ಅವನ ಎದುರೇ ಪ್ರಶ್ನೆಗಳು ಇತ್ಯರ್ಥವಾಗುತ್ತಿದ್ದವು. ಸ್ವೈರ್ ಮತ್ತು ಅಬ್ದುಲ್ ಕರೀಂ ಬೇರೆ ಬೇರೆ ದಿಕ್ಕಿನಲ್ಲಿ ನಿಂತ ಹಾಗೆ ಕಂಡರೂ ಇಬ್ಬರು ತಂದೆಯರೂ ಕೇಳಿದ್ದು ಒಂದನ್ನೇ: ನಮ್ಮ ಮಕ್ಕಳ ಸಾವಿನ ವಿಚಾರಣೆಯನ್ನು ಅರ್ಧಕ್ಕೆ ಬಿಡಬೇಡಿ.

ತಡವಾಗಿ ಹೊರಬಂದ ಸತ್ಯ ಎಷ್ಟು ದುಬಾರಿ ಎಂಬುದಕ್ಕೆ ಪೇರರಿವಾಳನ್ ಇದ್ದಾರೆ. ರಾಜೀವ್ ಗಾಂಧಿ ಹತ್ಯೆ ಪ್ರಕರಣದಲ್ಲಿ ಅವರ ತಪ್ಪೊಪ್ಪಿಗೆಯನ್ನೂ ಟಾಡಾ ಅಡಿಯಲ್ಲೇ ಬರೆದುಕೊಳ್ಳಲಾಗಿತ್ತು. ಬರೆದುಕೊಂಡ ಸಿಬಿಐ ಅಧಿಕಾರಿ ತ್ಯಾಗರಾಜನ್ 2013ರಲ್ಲಿ ಬಾಯಿಬಿಟ್ಟರು: ತಾನು ಕೊಂಡುಕೊಟ್ಟ ಬ್ಯಾಟರಿ ಯಾತಕ್ಕೆಂದು ತನಗೆ ಗೊತ್ತಿರಲಿಲ್ಲ ಎಂದು ಆ ಹುಡುಗ ಹೇಳಿದ್ದನ್ನು ತಾವು ಬರೆಯದೆ ಬಿಟ್ಟಿದ್ದಾಗಿ. ಬಿಟ್ಟ ಆ ಒಂದು ವಾಕ್ಯ ಹೊರಬರುವ ಹೊತ್ತಿಗೆ 22 ವರ್ಷ ಕಳೆದಿತ್ತು. ಪೇರರಿವಾಳನ್ 2022ರ ಮೇ ತಿಂಗಳಲ್ಲಿ ಬಿಡುಗಡೆಯಾದರು, ಜ್ಞಾನಪ್ರಕಾಶ್ ಅವರಿಗಿಂತ ಏಳು ತಿಂಗಳು ಮೊದಲು. ಪಾಲಾರಿನ ತಪ್ಪೊಪ್ಪಿಗೆಗಳಲ್ಲಿ ಬಿಟ್ಟ ವಾಕ್ಯಗಳಿದ್ದರೆ ಅವನ್ನು ಬಲ್ಲವರೂ ಈಗ ಮುದುಕರು. ಅವರು ಬದುಕಿರುವಾಗಲೇ ಕೇಳಬೇಕಾಗಿದೆ.

ಇದೆಲ್ಲ ದೊಡ್ಡ ಪ್ರಕರಣಗಳ ಮಾತು, ನಮಗೇನು ಎನ್ನಬಹುದು. ಬದುವಿನ ಜಗಳ, ಕಾಲುವೆ ನೀರಿನ ಜಗಳ, ಮನೆತನದ ಹಗೆ ಕೊಲೆಯಾಗಿ ಮುಗಿದು ಜೀವಾವಧಿಯಾದವರು ನಮ್ಮ ಮೂರು ತಾಲ್ಲೂಕುಗಳಲ್ಲೂ ಇದ್ದಾರೆ. ಹಿಂಡಲಗಾದ ಗೇಟಿನ ಹೊರಗೆ ಮುಲಾಖಾತ್‌ಗೆ ಕಾದು ಕೂತವರಲ್ಲಿ ಗೋಕಾಕದ ಕಡೆಯ ಒಬ್ಬ ತಾಯಿ ನನ್ನೊಡನೆ ಮಾತಾಡಿದ್ದರು. ಒಂದು ಕೈಯಲ್ಲಿ ಆಧಾರ್ ಕಾರ್ಡು, ಇನ್ನೊಂದರಲ್ಲಿ ಮಗನ ಆಸ್ಪತ್ರೆ ಚೀಟಿಗಳ ಪ್ಲಾಸ್ಟಿಕ್ ಚೀಲ. ಎರಡೂ ಮೂತ್ರಪಿಂಡ ಹೋಗಿವೆ ಎಂದು ಯಾರೋ ಓದಿ ಹೇಳಿದ್ದರು. “ಅಪೀಲ್ ಇಟ್ಕೊಂಡ್ರ ಬಿಡೂದಿಲ್ಲಂತರೀ ಸರ. ತಪ್ಪ ಮಾಡೀನಿ ಅಂತ ಒಪ್ಪಿಕೊಂಡು, ಅಪೀಲ್ ತಗೀರಿ, ಲಗೂ ಬಿಡ್ತಾರ ಅಂತ ಹೇಳ್ಯಾರ. ನನ್ನ ಮಗಾ ಒಪ್ಪವಲ್ಲ. ಮಾಡಿಲ್ಲದ್ದನ್ನ ಹ್ಯಾಂಗ ಒಪ್ಪಲಿ ಅಂತಾನ. ನಾ ಯಾವುದು ಕೇಳ್ಲಿರೀ?”

ಆ ತಾಯಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಅಂಥವರ ನೆರೆಮನೆಯವರು ಯಾರಾದರೂ ಓದಲಿ ಎಂದು. ಎರಡನ್ನೂ ಕೇಳಿ. ಮೇಲ್ಮನವಿ ಬಾಕಿ ಇರುವಾಗಲೇ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡುವ ಅಧಿಕಾರ ಮೇಲ್ಮನವಿ ಕೋರ್ಟಿಗೆ ಇದೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 430ನೇ ಕಲಮು ಅದು. ಗಂಭೀರ ಕಾಯಿಲೆ ಅದಕ್ಕೆ ಕಾರಣವಾಗಬಹುದು. ಅದಕ್ಕಾಗಿ ತಪ್ಪೊಪ್ಪಬೇಕಿಲ್ಲ, ಅಪೀಲು ಹಿಂತೆಗೆಯಬೇಕಿಲ್ಲ. ಮೇಲ್ಮನವಿಯೆಲ್ಲ ಮುಗಿದಿದ್ದರೆ ಸರ್ಕಾರದ ಮುಂದೆ ಶಿಕ್ಷೆ ಕಡಿತದ ದಾರಿ, ರಾಜ್ಯಪಾಲರ ಮುಂದೆ ಸಂವಿಧಾನದ 161ನೇ ವಿಧಿಯ ದಾರಿ ಇವೆ. 2024ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ವೃದ್ಧ ಕೈದಿಗಳಿಗಾಗಿ, ಗುಣವಾಗದ ಕಾಯಿಲೆಯ ಕೈದಿಗಳಿಗಾಗಿ ವಿಶೇಷ ಅಭಿಯಾನವನ್ನೇ ಶುರುಮಾಡಿತು. ಕೈದಿಗೆ ಫೀ ಇಲ್ಲದೆ ವಕೀಲರನ್ನು ಕೊಡುವುದು ಕಾನೂನು ಸೇವಾ ಸಮಿತಿಯ ಕರ್ತವ್ಯ. ತಾಲ್ಲೂಕು ಸಮಿತಿ ಇರುವುದು ಕೋರ್ಟಿನ ಆವರಣದಲ್ಲೇ. ಹೋಗುವಾಗ ಆಸ್ಪತ್ರೆ ಚೀಟಿಗಳ ಜೆರಾಕ್ಸ್, ತೀರ್ಪಿನ ಪ್ರತಿ, ಧಾರವಾಡ ಪೀಠದಲ್ಲಿರುವ ಅಪೀಲಿನ ನಂಬರು ಜೊತೆಗಿರಲಿ. ಮಗನಿಗೆ ಕಾಯಿಲೆ ಎಂದು ಹಾಕುವ ಅರ್ಜಿಯಲ್ಲಿ ಅವನ ಅಪೀಲು ನಡೆಯುತ್ತಿದೆ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಸಿರಿ.